ತಲೆಯಿಲ್ಲದ ಗಿಳಿಗಳು

ಅಕ್ಕ ಇರುವುದು ರೆಡಿಂಗ್‌ನಲ್ಲಿ. ಅಲ್ಲಿಂದ ಆಕ್ಸ್‌ಫರ್ಡ್‌ಗೆ ರೈಲಿನಲ್ಲಿ ಅರ್ಧ ಗಂಟೆ. ಹೋದ ಡಿಸೆಂಬರ್‌ನಲ್ಲಿ ಅವಳ ಮನೆಯಲ್ಲಿದ್ದಾಗ, ಒಂಬತ್ತು ವರ್ಷದ ಅವಳ ಮಗನನ್ನು ಒಂದು ದಿನ ಹೊರಗೆ ಸುತ್ತಾಡಿಸಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗನಿಗೆ ಡೈನೋಸಾರ್ ಹುಚ್ಚು. ಹಾಗಾಗಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಹೊರಟೆವು. ಟಿಕೆಟ್ ಇಲ್ಲ, ಒಳಗೆ ಬೆಚ್ಚಗಿರುತ್ತದೆ, ಮಧ್ಯಾಹ್ನದವರೆಗೆ ಹೊತ್ತು ಹೋಗುತ್ತದೆ ಅನ್ನುವುದು ಅಕ್ಕನ ಲೆಕ್ಕ.

ಬಾಗಿಲ ಹತ್ತಿರ ಅವನು ತಲೆ ಎತ್ತಿ ನೋಡಿ, "ಮಾಮ, ಈ ಹಕ್ಕಿಗಳಿಗೆ ತಲೇನೇ ಇಲ್ಲ" ಅಂದ.

ನೋಡಿದೆ. ಹೌದು, ಕಲ್ಲಿನಲ್ಲಿ ಉಬ್ಬಿಕೊಂಡ ಮುದ್ದೆಗಳ ಒಂದು ಸಾಲು. ಹಕ್ಕಿಯ ಮೈ ಅನ್ನುವಷ್ಟು ಆಕಾರ ಇದೆ, ಕತ್ತಿನ ಮೇಲೆ ಏನೂ ಇಲ್ಲ. ಮಳೆಗಾಳಿಗೆ ಸವೆದಿರಬೇಕು ಅಂದುಕೊಂಡೆ, ಅವನಿಗೂ ಹಾಗೇ ಹೇಳಿದೆ. ತಪ್ಪು ಹೇಳಿದ್ದೆ ಅಂತ ಗೊತ್ತಾದದ್ದು ಆ ರಾತ್ರಿ, ಅಕ್ಕನ ಮನೆಯ ಸೋಫಾದ ಮೇಲೆ ಕೂತು ಓದತೊಡಗಿದಾಗ. ಆ ತಲೆಗಳು ಸವೆದದ್ದಲ್ಲ. ಕೆತ್ತಿದವನೇ ಒಡೆದು ಹಾಕಿದ್ದು. ಅವನ ಹೆಸರು ಜೇಮ್ಸ್ ಓ'ಶೇ.

ನಾನು ಇಪ್ಪತ್ತೆರಡು ವರ್ಷದಿಂದ ಬೆಂಗಳೂರಿನ ಆರ್ಕಿಟೆಕ್ಟ್ ಆಫೀಸುಗಳಲ್ಲಿ ಡ್ರಾಯಿಂಗ್ ತೆಗೆಯುತ್ತಾ ಬಂದವನು. ಕಟ್ಟಡ ಕಂಡರೆ ಕಣ್ಣು ಮೊದಲು ಹೋಗುವುದು ಜಾಯಿಂಟಿಗೆ, ಅಂದಚಂದ ಆಮೇಲೆ. ಹುಡುಗ ಇಗ್ವಾನೊಡಾನ್ ಅಸ್ಥಿಪಂಜರದ ಕಡೆ ಓಡಿದ, ನಾನು ಕಂಬಗಳ ಹತ್ತಿರ ನಿಂತುಬಿಟ್ಟೆ. ಮೇಲೆ ಗಾಜಿನ ಮಾಡು, ಅದನ್ನು ಹೊತ್ತ ಕಬ್ಬಿಣದ ಕಮಾನುಗಳು, ಸುತ್ತಲೂ ಎರಡು ಅಂತಸ್ತಿನ ಮೊಗಸಾಲೆ. ಮೊಗಸಾಲೆಗೆ ಒಟ್ಟು 126 ಕಂಬ. ಪ್ರತಿಯೊಂದೂ ಬ್ರಿಟನ್ ಐರ್ಲೆಂಡುಗಳ ಬೇರೆ ಬೇರೆ ಕಡೆಯ ಕಲ್ಲು: ಅಬರ್ಡೀನಿನ ಗ್ರಾನೈಟ್, ಕಾರ್ನ್‌ವಾಲಿನ ಸರ್ಪೆಂಟೈನ್, ಐರ್ಲೆಂಡಿನ ಮಾರ್ಬಲ್. ಆರಿಸಿ ತರಿಸಿದವನು ಜಾನ್ ಫಿಲಿಪ್ಸ್ ಎಂಬ ಭೂವಿಜ್ಞಾನಿ. ಬುಡದಲ್ಲಿ ಕಲ್ಲಿನ ಹೆಸರು, ಊರು ಕೊರೆದಿದೆ. ಕಂಬದ ನೆತ್ತಿಯ ಬೋದಿಗೆಗಳಲ್ಲಿ ಗಿಡಗಳು, ಅವೂ ಸಸ್ಯಶಾಸ್ತ್ರದ ವರ್ಗಗಳಿಗೆ ತಕ್ಕ ಹಾಗೆ. ಪಾಠದ ಪುಸ್ತಕವನ್ನು ಬಿಚ್ಚಿ ಕಟ್ಟಡ ಮಾಡಿಟ್ಟ ಹಾಗಿದೆ.

ಒಂದು ಬೋದಿಗೆಯ ಮುಂದೆ ಹತ್ತು ನಿಮಿಷವಾದರೂ ನಿಂತಿದ್ದೆ. ಜರೀಗಿಡ. ಸುರುಳಿ ಇನ್ನೂ ಬಿಚ್ಚದ ಚಿಗುರು ಒಂದು, ಪೂರ್ತಿ ಬಿಚ್ಚಿ ಭಾರಕ್ಕೆ ಬಾಗಿದ್ದು ಇನ್ನೊಂದು. ಎಲೆಯ ಅಂಚಿನ ಹಿಂದೆ ಕಿರುಬೆರಳು ತೂರುವಷ್ಟು ಸಂದು ಬಿಟ್ಟು ಒಳಗೆ ಕೊರೆದಿದ್ದಾರೆ. ಎಲೆ ಮುಂದಕ್ಕೆ ಬಂದ ಹಾಗೆ ಕಾಣುವುದು ಆ ಸಂದಿನ ಕತ್ತಲೆಯಿಂದ. ಒಂದು ಎಲೆ ಪಕ್ಕದ ಎಲೆಯ ನಕಲಲ್ಲ. ಮೂರನೆಯದಕ್ಕೆ ಜಾಗ ಸಾಲಲಿಲ್ಲವೋ ಏನೋ, ಅದು ಪಕ್ಕಕ್ಕೆ ಹೊರಳಿಕೊಂಡು ತನ್ನ ಬೆನ್ನು ತೋರಿಸುತ್ತದೆ. ಹಾಗೆ ಹೊರಳಿಸಬೇಕು ಅಂತ ಯಾವ ಡ್ರಾಯಿಂಗಿನಲ್ಲೂ ಬರೆದಿರುವುದಿಲ್ಲ. ಉಳಿ ಹಿಡಿದವನಿಗೆ ಅಲ್ಲೇ, ಆ ಗಳಿಗೆಯಲ್ಲಿ ಹೊಳೆದದ್ದು ಅದು.

ಇದರ ಕೆಲಸದ ಕ್ರಮ ಗೊತ್ತಿದ್ದರೆ ಮುಂದಿನ ಕಥೆ ಚೆನ್ನಾಗಿ ಅರ್ಥವಾಗುತ್ತದೆ. ಆ ಕಾಲದ ಇಂಗ್ಲೆಂಡಿನಲ್ಲಿ ಕಟ್ಟಡದ ಕೆತ್ತನೆ ಬಹಳಷ್ಟು ನಡೆಯುತ್ತಿದ್ದದ್ದು ಕಲ್ಲು ಗೋಡೆಯಲ್ಲಿ ಕೂತ ಮೇಲೆ. ಗೋಡೆ ಕಟ್ಟುವವರು ಒರಟು ಕಲ್ಲನ್ನು ಹೊರಚಾಚಿ ಇಟ್ಟು ಮುಂದೆ ಹೋಗುತ್ತಿದ್ದರು. ಕೆತ್ತುವವನು ಆಮೇಲೆ ಸಾರ್ವೆ ಹತ್ತಿ, ನಿಂತಲ್ಲೇ, ಕೆಲವೊಮ್ಮೆ ತಲೆಯ ಮೇಲಕ್ಕೆ ಕೈ ಎತ್ತಿಕೊಂಡೇ ಕೆಲಸ ಮಾಡಬೇಕು. ಒಂದು ಚಕ್ಕೆ ಜಾಸ್ತಿ ಹಾರಿದರೆ ಕಲ್ಲು ಬದಲಿಸುವ ಹಾಗಿಲ್ಲ, ಮೇಲೆ ಗೋಡೆ ಕೂತಿದೆ. ದುಡ್ಡು ಮುಗಿದರೆ ಒರಟು ಕಲ್ಲು ಹಾಗೇ ಉಳಿಯುತ್ತದೆ. ಆಕ್ಸ್‌ಫರ್ಡ್ ಮ್ಯೂಸಿಯಂನ ಮುಂಭಾಗದಲ್ಲಿ ಇವತ್ತಿಗೂ ಎಷ್ಟೋ ಕಿಟಕಿಗಳ ಸುತ್ತ ಬರೀ ಕಲ್ಲಿದೆ. ಗಮನಿಸದಿದ್ದರೆ ಅದೇ ಡಿಸೈನ್ ಅಂದುಕೊಳ್ಳಬೇಕು.

ಓ'ಶೇ ಮನೆಯವರ ಊರು ಬ್ಯಾಲಿಹೂಲಿ, ಐರ್ಲೆಂಡಿನ ಕಾರ್ಕ್ ಕೌಂಟಿಯ ಹಳ್ಳಿ. ಜೇಮ್ಸ್ ಮತ್ತು ಜಾನ್ ಸಹೋದರರು. ಜೊತೆಗೆ ಎಡ್ವರ್ಡ್ ವೀಲನ್ ಎಂಬ ಸಂಬಂಧದ ಹುಡುಗ. 1845ರಲ್ಲಿ ಆಲೂಗೆಡ್ಡೆಗೆ ಬಿದ್ದ ರೋಗ ಐರ್ಲೆಂಡನ್ನು ಬರಗಾಲಕ್ಕೆ ತಳ್ಳಿತು. ಏಳೆಂಟು ವರ್ಷದಲ್ಲಿ ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ಊರು ಬಿಟ್ಟು ಹಡಗು ಹತ್ತಿದರು. ಆ ಸೀಮೆಯಿಂದ ಬಂದ ಮನುಷ್ಯರು ಇವರು ಎನ್ನುವುದನ್ನು ಇವರ ಹೂಬಳ್ಳಿಗಳ ಬಗ್ಗೆ ಬರೆಯುವವರು ಅಷ್ಟಾಗಿ ನೆನೆಸುವುದಿಲ್ಲ.

ಕಾರ್ಕ್ ಪಟ್ಟಣದಲ್ಲೇ ಥಾಮಸ್ ಡೀನ್ ಎಂಬವನ ಆರ್ಕಿಟೆಕ್ಟ್ ಆಫೀಸಿತ್ತು. ಅಲ್ಲಿ ಪಾಲುದಾರನಾದವನು ಬೆಂಜಮಿನ್ ವುಡ್ವರ್ಡ್. ತೀರಾ ಮಾತು ಕಡಿಮೆಯ ಮನುಷ್ಯ, ಎದೆರೋಗದವನು. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಮ್ಯೂಸಿಯಂ ಕಟ್ಟಡ ಇವರ ಕೈಗೆ ಬಂತು. 1853ರಿಂದ 1857ರವರೆಗೆ ಅದರ ಕೆಲಸ ನಡೆಯಿತು. ಅಲ್ಲಿ ಕೆತ್ತನೆಗೆ ನಿಂತವರು ಓ'ಶೇ ಸಹೋದರರು. ವುಡ್ವರ್ಡ್ ಅವರಿಗೆ ಎಲೆ ಎಲೆಗೂ ನಕ್ಷೆ ಬರೆದು ಕೊಡಲಿಲ್ಲ. ಗಿಡ ಕೊಟ್ಟ, ಕಲ್ಲು ತೋರಿಸಿದ, ನಿಮಗೆ ಕಂಡಂತೆ ಮಾಡಿ ಅಂದ. ಈ ಧೈರ್ಯ ಅವನಿಗೆ ಬಂದದ್ದು ಒಂದು ಪುಸ್ತಕದಿಂದ.

ಆ ಪುಸ್ತಕ ಬರೆದವನು ಕಲಾವಿಮರ್ಶಕ ಜಾನ್ ರಸ್ಕಿನ್. ವೆನಿಸ್ ನಗರದ ಕಟ್ಟಡಗಳ ಬಗ್ಗೆ ಅವನು ಬರೆದ ಗ್ರಂಥದ ಎರಡನೇ ಸಂಪುಟ 1853ರಲ್ಲಿ ಬಂತು. ಅದರಲ್ಲಿ ಮಧ್ಯಯುಗದ ಯುರೋಪಿನ ಚರ್ಚುಗಳ ಗಾಥಿಕ್ ಶೈಲಿಯ ಸ್ವಭಾವ ಎಂತಹುದು ಎನ್ನುವ ಒಂದು ಅಧ್ಯಾಯ. ಕೊಟ್ಟ ನಕ್ಷೆಯನ್ನು ಕೂದಲಷ್ಟೂ ತಪ್ಪದೆ ನಕಲು ಮಾಡುವ ಕೆಲಸಗಾರ ಗುಲಾಮ. ಹಳೆಯ ಚರ್ಚುಗಳ ಮೇಲಿನ ಸೊಟ್ಟಪಟ್ಟ ಗೊಂಬೆಗಳನ್ನು ನೋಡಿ ನಗಬೇಡಿ, ಕಲ್ಲು ಹೊಡೆದ ಒಬ್ಬೊಬ್ಬನ ಜೀವ, ಸ್ವಾತಂತ್ರ್ಯ ಅದರಲ್ಲಿದೆ. ಇದು ಅವನ ವಾದದ ತಿರುಳು. ಅದಕ್ಕೂ ಮೊದಲು, 1849ರ ಇನ್ನೊಂದು ಪುಸ್ತಕದಲ್ಲಿ, ಯಾವ ಅಲಂಕಾರ ಕಂಡರೂ ಒಂದೇ ಪ್ರಶ್ನೆ ಕೇಳಿ ಅಂದಿದ್ದ: ಇದನ್ನು ಕೆತ್ತುವಾಗ ಕೆತ್ತಿದವನು ಖುಷಿಯಾಗಿದ್ದನೇ? 1854ರಲ್ಲಿ ಲಂಡನ್ನಿನಲ್ಲಿ ದುಡಿಯುವವರಿಗೆಂದೇ ಒಂದು ಕಾಲೇಜು ಶುರುವಾದಾಗ ಈ ಗಾಥಿಕ್ ಅಧ್ಯಾಯವನ್ನೇ ಬಿಡಿಯಾಗಿ ಅಚ್ಚು ಹಾಕಿಸಿ ಹಂಚಿದರು. ಬರೆದವನು ಶೆರಿ ಎಂಬ ವೈನಿನ ವ್ಯಾಪಾರಿಯ ಒಬ್ಬನೇ ಮಗ. ಊಟ ಬಟ್ಟೆಗೆಂದು ಯಾವತ್ತೂ ಉಳಿ ಹಿಡಿದವನಲ್ಲ. ಆಕ್ಸ್‌ಫರ್ಡ್ ಮ್ಯೂಸಿಯಂ ಏಳುತ್ತಿದ್ದಾಗ ಉತ್ಸಾಹ ತಡೆಯಲಾರದೆ ತಾನೇ ಒಂದು ಇಟ್ಟಿಗೆಯ ಕಂಬ ಕಟ್ಟಿದನಂತೆ, ಅದನ್ನು ಕೆಡವಿ ಕೆಲಸದವನೊಬ್ಬ ಮತ್ತೆ ಕಟ್ಟಬೇಕಾಯಿತಂತೆ. ಈ ಅಂತೆಕಂತೆ ನನಗಂತೂ ಬಹಳ ಇಷ್ಟ.

ಡಬ್ಲಿನ್ನಿನ ಕಟ್ಟಡವನ್ನು ಕಂಡು ರಸ್ಕಿನ್ ಹಿಗ್ಗಿದ. ತಾನು ಬಾಯಲ್ಲಿ ಹೇಳುತ್ತಾ ಬಂದದ್ದು ಕಲ್ಲಾಗಿ ನಿಂತದ್ದನ್ನು ಮೊದಲು ಕಂಡದ್ದು ಅಲ್ಲಿ ಅಂತ ಮುಂದೆ ಹೇಳಿಕೊಂಡ. ಅವನ ಕಾಲೇಜು ದಿನಗಳ ಗೆಳೆಯ ಹೆನ್ರಿ ಆಕ್ಲೆಂಡ್ ಆಕ್ಸ್‌ಫರ್ಡ್‌ನಲ್ಲಿ ವೈದ್ಯ, ಅಂಗರಚನೆ ಕಲಿಸುವವನು. ವಿಜ್ಞಾನಕ್ಕೆ ಒಂದು ಸರಿಯಾದ ಮನೆ ಬೇಕು ಅಂತ ವರ್ಷಗಟ್ಟಲೆ ವಿಶ್ವವಿದ್ಯಾಲಯದ ಹಿಂದೆ ಬಿದ್ದಿದ್ದ. ಕೊನೆಗೆ ದುಡ್ಡು ಸಿಕ್ಕಿದ್ದು ವಿಶ್ವವಿದ್ಯಾಲಯದ ಮುದ್ರಣಾಲಯ ಬೈಬಲ್ ಮಾರಿ ಉಳಿಸಿದ ಲಾಭದಿಂದ, ಸುಮಾರು 30,000 ಪೌಂಡ್. ಬೈಬಲ್ಲಿನ ದುಡ್ಡಿನಲ್ಲಿ ಎದ್ದ ಕಟ್ಟಡದಲ್ಲೇ 1860ರ ಜೂನ್ 30ರಂದು ಡಾರ್ವಿನ್ ವಾದದ ಬಗ್ಗೆ ಬಿಷಪ್ ವಿಲ್ಬರ್‌ಫೋರ್ಸ್‌ಗೂ ಜೀವವಿಜ್ಞಾನಿ ಹಕ್ಸ್‌ಲಿಗೂ ಜಟಾಪಟಿ ನಡೆದದ್ದು ಎಲ್ಲ ಗೈಡುಗಳೂ ಹೇಳುವ ಮಾತು. ನಾನು ಅದನ್ನು ಬೆಳೆಸುವುದಿಲ್ಲ.

ಕಟ್ಟಡದ ನಕ್ಷೆಗೆ ಸ್ಪರ್ಧೆ ನಡೆದು, ಕೂದಲೆಳೆಯ ಅಂತರದಲ್ಲಿ ಡೀನ್ ಮತ್ತು ವುಡ್ವರ್ಡ್ ಗೆದ್ದರು. 1855ರ ಜೂನ್‌ನಲ್ಲಿ ಶಂಕುಸ್ಥಾಪನೆ. ಕಬ್ಬಿಣದ ಮಾಡನ್ನು ಒಂದು ಸಲ ನಿಲ್ಲಿಸಿ, ತನ್ನ ಭಾರಕ್ಕೇ ತಡೆಯುವುದಿಲ್ಲ ಅಂತಾದ ಮೇಲೆ ಬಿಚ್ಚಿ ಮತ್ತೆ ಕಟ್ಟಿದರು. ಮಂಜೂರಾದ ದುಡ್ಡು ಗೋಡೆ ಮಾಡುಗಳಿಗೇ ಸರಿಹೋಯಿತು. ಕೆತ್ತನೆಗೆ, ಪ್ರತಿಮೆಗೆ ಚಂದಾ ಎತ್ತಬೇಕು. ಊರೂರಿಗೆ ಕಾಗದ ಬರೆದು, ಇಷ್ಟು ಕಂಬಕ್ಕೆ ನೀವು ಕೊಡಿ, ಈ ಕಿಟಕಿಗೆ ಅವರು ಕೊಡಲಿ ಅಂತ ಆಕ್ಲೆಂಡ್ ರಸ್ಕಿನ್ ಇಬ್ಬರೂ ಕೈಚಾಚಿದರು. ನಮ್ಮ ಜೀರ್ಣೋದ್ಧಾರ ಸಮಿತಿಗಳ ರಸೀತಿ ಪುಸ್ತಕದ ಹಾಗೇ.

ಓ'ಶೇ ಸಹೋದರರು ಡಬ್ಲಿನ್ನಿನಿಂದ ಆಕ್ಸ್‌ಫರ್ಡ್‌ಗೆ ಬಂದರು. ಆ ಕಾಲದ ಆಕ್ಸ್‌ಫರ್ಡನ್ನು ಕಂಡಿದ್ದ ಟಕ್‌ವೆಲ್ ಎಂಬ ಪಾದ್ರಿ ಮುಪ್ಪಿನಲ್ಲಿ ನೆನೆಸಿಕೊಳ್ಳುತ್ತಾನೆ: ಕೆಂಪು ಗಡ್ಡದ ಆ ಚೆಲುವ ಸಹೋದರರು ದಿನಾ ಬೆಳಿಗ್ಗೆ ಸಸ್ಯೋದ್ಯಾನದಿಂದ ಗಿಡಗಳನ್ನು ಹೊತ್ತು ತರುತ್ತಿದ್ದರು, ಅವೇ ಗಿಡಗಳು ಸಂಜೆಯ ಹೊತ್ತಿಗೆ ಕಂಬದ ನೆತ್ತಿಯಲ್ಲಿ ಮೂಡಲು ಶುರುವಾಗಿರುತ್ತಿದ್ದವು. ನನಗೆ ಇಡೀ ಕಥೆಯಲ್ಲಿ ಹೆಚ್ಚು ಕಣ್ಣಿಗೆ ಕಟ್ಟುವುದು ಈ ಬೆಳಗು. ಒದ್ದೆ ಮಣ್ಣು ಮೆತ್ತಿದ ಬೇರು, ಬಾಡುವುದಕ್ಕೆ ಮುಂಚೆ ಮುಗಿಸಬೇಕಾದ ಎಲೆಯ ಅಂಚು. ಕಿತ್ತು ತಂದ ಗಿಡ ಮಧ್ಯಾಹ್ನಕ್ಕೆ ಜೋತುಬೀಳುತ್ತದೆ. ಆ ಬೋದಿಗೆಯ ಎಲೆ ಪಕ್ಕಕ್ಕೆ ಹೊರಳಿದ್ದು ಕಲ್ಲು ಸಾಲದ್ದಕ್ಕಲ್ಲ, ಗಿಡ ಬಾಡಿದ್ದಕ್ಕೇ ಇರಬಹುದು ಅಂತ ಈಗ ಅನ್ನಿಸುತ್ತದೆ.

ಇನ್ನು ಮಂಗಗಳ ಕಥೆ. ಇದನ್ನು ಹೇಳಿದವನು ಆಕ್ಲೆಂಡ್.

ಒಂದು ಮಧ್ಯಾಹ್ನ ಜೇಮ್ಸ್ ಓ'ಶೇ ಆಕ್ಲೆಂಡನ ಮನೆಗೆ ಬಿರುಗಾಳಿಯಂತೆ ನುಗ್ಗಿದನಂತೆ. "ನಾನು ಸಾರ್ವೆ ಮೇಲಿದ್ದೆ. ಯೂನಿವರ್ಸಿಟಿಯ ಮಾಸ್ಟರ್ ಬಂದ. ಏನು ಮಾಡ್ತಿದ್ದೀಯ ಅಂದ. ಮಂಗ ಅಂದೆ. ಇಳಿ ಕೆಳಗೆ, ಯೂನಿವರ್ಸಿಟಿಯ ಆಸ್ತಿ ಹಾಳು ಮಾಡಬೇಡ ಅಂದ. ವುಡ್ವರ್ಡ್ ಸಾಹೇಬರು ಹೇಳಿದ ಕೆಲಸ ಮಾಡ್ತಿದ್ದೀನಿ ಅಂದೆ. ಇಳಿ ಅಂದರೆ ಇಳಿ ಅಂದ. ಈಗ ನಾನೇನು ಮಾಡಲಿ?" ಆಕ್ಲೆಂಡ್ ಕೊಟ್ಟ ಉತ್ತರ ಎಷ್ಟು ಆಫೀಸಿನ ಉತ್ತರ ನೋಡಿ: ವುಡ್ವರ್ಡ್ ಮಂಗ ಮಾಡು ಅಂತಾನೆ, ಮಾಸ್ಟರ್ ಮಂಗ ಬೇಡ ಅಂತಾನೆ, ನೀನು ಏನು ಮಾಡಬೇಕೋ ನನಗೆ ಗೊತ್ತಿಲ್ಲ. ಓ'ಶೇ ಬಂದ ಹಾಗೇ ಹೊರಟುಹೋದ. ಮಾರನೆಯ ದಿನ ಆಕ್ಲೆಂಡ್ ಹೋಗಿ ನೋಡಿದರೆ ಅದೇ ಕಿಟಕಿಯಲ್ಲಿ ಚಕ್ಕೆ ಹಾರುತ್ತಿದೆ. ಏನಪ್ಪಾ ಇದು ಅಂದರೆ, "ಬೆಕ್ಕು." ಮಾಸ್ಟರ್ ಮತ್ತೆ ಬಂದಿದ್ದನಂತೆ, ಬೇಡ ಅಂದರೂ ಮಂಗ ಮಾಡುತ್ತಿದ್ದೀಯಲ್ಲ ಅಂದನಂತೆ. ಇವತ್ತು ಬೆಕ್ಕು ಅಂದಿದ್ದಕ್ಕೆ ಹೆದರಿ ಹೊರಟುಹೋದನಂತೆ.

ಅಷ್ಟಾದರೂ ಕೆಲಸ ಉಳಿಯಲಿಲ್ಲ. ದುಡ್ಡೂ ಮುಗಿದಿತ್ತು. ಕೂಲಿ ಇಲ್ಲದಿದ್ದರೂ ಕೆತ್ತುತ್ತೇವೆ ಅಂತ ಸಹೋದರರು ಹೇಳಿದರು ಅನ್ನುತ್ತಾರೆ. ಅನುಮತಿ ಇಲ್ಲದೆ ಗೋಡೆ ಕೆಡಿಸುತ್ತಿದ್ದಾರೆ ಅಂತ ಕಾನ್ವೊಕೇಷನ್ನಿನ ಕೆಲವರು ಆಕ್ಷೇಪ ಎತ್ತಿದರು. ನಮ್ಮಲ್ಲಿ ಕಾನ್ವೊಕೇಷನ್ ಅಂದರೆ ಘಟಿಕೋತ್ಸವ. ಆಗಿನ ಆಕ್ಸ್‌ಫರ್ಡ್‌ನಲ್ಲಿ ಅದು ಎಂ.ಎ. ಪದವಿಯವರ ಮಹಾಸಭೆ, ದುಡ್ಡಿನ ವಿಷಯಕ್ಕೆಲ್ಲ ಓಟು ಹಾಕುವವರು ಅವರು. ಓ'ಶೇಯನ್ನು ಬಿಡಿಸಿ ಕಳಿಸಿಯಾಯಿತು ಅಂದುಕೊಂಡಿದ್ದ ಆಕ್ಲೆಂಡನಿಗೆ ಒಂದು ದಿನ ಬಾಗಿಲ ಮಂಟಪದಲ್ಲಿ ಸುತ್ತಿಗೆ ಸದ್ದು ಕೇಳಿಸಿತು. ಒಂಟಿ ಏಣಿಯ ಮೇಲೆ ಓ'ಶೇ, ಗಟ್ಟಿ ಹಸಿರು ಕಲ್ಲಿನ ಉದ್ದನೆಯ ಪಟ್ಟಿಗೆ ಏಟಿನ ಮೇಲೆ ಏಟು. ಇದಕ್ಕೆ ವುಡ್ವರ್ಡ್ ಡಿಸೈನೇ ಕೊಟ್ಟಿಲ್ಲವಲ್ಲ ಅಂದರೆ, ಕೈ ನಿಲ್ಲಿಸದೆ ಕೂಗಿದನಂತೆ: "ಗಿಳಿಗಳು, ಗೂಬೆಗಳು! ಗಿಳಿಗಳು, ಗೂಬೆಗಳು! ಕಾನ್ವೊಕೇಷನ್ ಸದಸ್ಯರು!" ಒಂದು ಗಿಳಿ, ಒಂದು ಗೂಬೆ, ಮತ್ತೆ ಒಂದು ಗಿಳಿ. ಆಕ್ಲೆಂಡ್ ಸ್ವಲ್ಪ ಯೋಚಿಸಿ, ತಲೆಗಳನ್ನು ತೆಗೆಯಬೇಕಪ್ಪಾ ಅಂದ. ಆಗೋದೇ ಇಲ್ಲ ಅಂದ ಇವನು. ಈಗಿಂದೀಗಲೇ ಅಂದ ಅವನು. ತಲೆಗಳು ಹೋದವು.

ಈ ಕಥೆ ಕೇಳಿದವರೆಲ್ಲ ನಗುತ್ತಾರೆ. ನಾನೂ ನಕ್ಕೆ. ಎರಡನೇ ಸಲ ಓದಿದಾಗ ಒಂದೆರಡು ಕಡೆ ಕೊಂಡಿ ಸಡಿಲ ಕಂಡಿತು. ಆಕ್ಸ್‌ಫರ್ಡ್‌ನಲ್ಲಿ ಯೂನಿವರ್ಸಿಟಿಯ ಮಾಸ್ಟರ್ ಅನ್ನುವ ಹುದ್ದೆಯೇ ಇಲ್ಲ. ಚಾನ್ಸಲರ್ ಇದ್ದಾನೆ, ವೈಸ್ ಚಾನ್ಸಲರ್ ಇದ್ದಾನೆ, ಪ್ರಾಕ್ಟರುಗಳಿದ್ದಾರೆ. ಹಳ್ಳಿಯಿಂದ ಬಂದ ಕೆಲಸಗಾರ ದೊಡ್ಡ ಮನುಷ್ಯರನ್ನು ಒಟ್ಟಾಗಿ ಹಾಗೆ ಕರೆದಿರಬಹುದು. ಅಥವಾ ಹಳ್ಳಿಯವನ ಬಾಯಲ್ಲಿ ಹೀಗೆ ಬಂದರೆ ಚೆಂದ ಅಂತ ಆಕ್ಲೆಂಡನೇ ಸೇರಿಸಿರಬಹುದು. ಅವನು ಇದನ್ನು ಅಚ್ಚಿಗೆ ಕೊಟ್ಟದ್ದು 1893ರಲ್ಲಿ, ನಡೆದು ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ. ಗಿಳಿ ಗೂಬೆ ಅನ್ನುವ ಎರಡು ಇಂಗ್ಲಿಷ್ ಪದಗಳನ್ನು ಐರಿಷ್ ರಾಗ ಕೇಳಿಸಲಿ ಅಂತ ಬೇಕೆಂದೇ ಕಾಗುಣಿತ ತಿರುಚಿ ಬರೆದಿದ್ದಾನೆ. ಅಷ್ಟು ಕಲ್ಲು ಮಾತಾಡಿಸಿದವನ ಸ್ವಂತ ಮಾತು ನಮ್ಮವರೆಗೆ ಬಂದಿರುವುದು ಒಬ್ಬ ದೊಡ್ಡಮನುಷ್ಯ ಊಟದ ಮೇಜಿನಲ್ಲಿ ಮಾಡಿ ತೋರಿಸುವ ಅಣಕದ ಧಾಟಿಯಲ್ಲಿ. ಪ್ರೀತಿಯ ಅಣಕವೇ, ಒಪ್ಪುತ್ತೇನೆ. ಆದರೂ ಅಣಕವೇ.

ಮಂಗ ಬೇಡವಾದದ್ದು ಡಾರ್ವಿನ್‌ನಿಂದ ಅಂತ ಕೆಲವರು ಹೇಳುತ್ತಾರೆ. ಅವನ ಪುಸ್ತಕ ಬಂದದ್ದು 1859ರ ನವೆಂಬರ್‌ನಲ್ಲಿ, ಕಾಲ ಹೊಂದುತ್ತದೆ, ಕಥೆಗೂ ರುಚಿ ಬರುತ್ತದೆ. ಆಕ್ಲೆಂಡನ ಕಥೆಯಲ್ಲಂತೂ ಡಾರ್ವಿನ್ ಹೆಸರಿಲ್ಲ. ಅಲ್ಲಿ ಕೇಳಿಸುವುದು ಒಂದೇ ಮಾತು: ಆಸ್ತಿ ನಮ್ಮದು, ಇಳಿ ಕೆಳಗೆ. ನನಗೆ ಅದೇ ನಿಜ ಅನ್ನಿಸುತ್ತದೆ. ಜೊತೆಗೆ ಇನ್ನೊಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತದೆ. ಆ ಹೊತ್ತಿನ ಲಂಡನ್ನಿನ ವ್ಯಂಗ್ಯಪತ್ರಿಕೆಗಳು ಐರಿಷರನ್ನು ಬರೆಯುತ್ತಿದ್ದದ್ದು ಮಂಗನ ಮೂತಿ ಹಾಕಿಯೇ. ಇಂಗ್ಲೆಂಡಿನ ಗೋಡೆಯ ಮೇಲೆ ನಿಂತು ಮಂಗ ಕೆತ್ತುತ್ತಿದ್ದ ಐರಿಷನಿಗೆ ಅದು ಗೊತ್ತಿಲ್ಲದೆ ಇತ್ತೇ?

ಆಕ್ಲೆಂಡನನ್ನು ಹೀಗೆ ಆಡಿಕೊಳ್ಳುವ ಹಕ್ಕು ನನಗೆ ಎಷ್ಟಿದೆ ಅಂತಲೂ ಯೋಚಿಸಿದೆ. ಸುಮಾರು ಹನ್ನೊಂದು ವರ್ಷದ ಹಿಂದೆ ಬೆಂಗಳೂರಿನ ಒಂದು ಮನೆಗೆ ಸಾದರಹಳ್ಳಿ ಕಲ್ಲಿನ ಜಗಲಿ ಮಾಡಿಸುತ್ತಿದ್ದೆವು. ಕಲ್ಲಿನ ಕೆಲಸಕ್ಕೆ ಬಂದಿದ್ದವರು ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ, ಕೈ ಬಹಳ ಶುದ್ಧ. ಒಂದು ಸೋಮವಾರ ಸೈಟಿಗೆ ಹೋದರೆ ಜಗಲಿಯ ಮೂಲೆಯಲ್ಲಿ ಅಂಗೈ ಅಗಲದ ಒಂದು ಅಳಿಲು. ಗೀಟಿನಲ್ಲೇ ಕೊರೆದದ್ದು, ಬಾಲ ಮಾತ್ರ ತುಸು ಆಳ. ಭಾನುವಾರ ಕರೆಂಟ್ ಇರಲಿಲ್ಲವಂತೆ, ಮಷೀನ್ ಕೆಲಸ ನಿಂತಿತ್ತಂತೆ, ಎದುರಿನ ಗೋಡೆಯ ಮೇಲೆ ಅಳಿಲು ಓಡಾಡುತ್ತಿತ್ತಂತೆ. ಮನೆ ಕಟ್ಟಿಸುವವರು ಬಂದು ನೋಡಿ ಕೇಳಿದ್ದು ಒಂದೇ ಪ್ರಶ್ನೆ, "ಇದು ಡ್ರಾಯಿಂಗಲ್ಲಿ ಇದೆಯಾ?" ಇರಲಿಲ್ಲ. ಡ್ರಾಯಿಂಗ್ ತೆಗೆದವನು ನಾನೇ. ಅವರು ಕಾರು ಹತ್ತಿದ ಮೇಲೆ ನಾನು ಆ ಕಡೆ ಈ ಕಡೆ ನೋಡಿ, "ಯಜಮಾನ್ರೇ, ಗ್ರೈಂಡರ್ ಹಾಕಿ ತೆಗೆದುಬಿಡಿ" ಅಂದೆ.

"ನೀವೇ ಹೇಳ್ತಿರೋದಾ ಸಾರ್?"

"ಏನ್ಮಾಡೋದು, ಅವರಿಗೆ ಬೇಡವಂತೆ."

ಆಗೋದಿಲ್ಲ ಅಂತ ಅವರು ಅನ್ನಲಿಲ್ಲ. ಐದು ನಿಮಿಷದ ಕೆಲಸ. ಬಾಲ ಆಳವಿದ್ದದ್ದರಿಂದ ಅಲ್ಲಿ ಸ್ವಲ್ಪ ಜಾಸ್ತಿ ಉಜ್ಜಬೇಕಾಯಿತು, ಕಲ್ಲು ತುಸು ತಗ್ಗಾಯಿತು. ಆ ರಸ್ತೆಯಲ್ಲಿ ಈಗಲೂ ಓಡಾಡುತ್ತೇನೆ. ಮಳೆ ಬಿಟ್ಟ ಮೇಲೆ ಗೇಟಿನಿಂದ ನೋಡಿದರೆ ಜಗಲಿಯೆಲ್ಲ ಒಣಗಿರುತ್ತದೆ, ಆ ಮೂಲೆಯಲ್ಲಿ ಒಂದು ಬೊಗಸೆ ನೀರು ನಿಂತಿರುತ್ತದೆ.

ಓ'ಶೇಯ ಕಥೆಯಲ್ಲಿ ನನ್ನನ್ನು ನಿಜಕ್ಕೂ ಕೆಣಕಿದ್ದು ಆಕ್ಲೆಂಡ್ ಅಲ್ಲ, ರಸ್ಕಿನ್. ಸುಮಾರು ಎರಡು ದಶಕದ ಮೇಲೆ ಅದೇ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕನಾಗಿ ನಿಂತು ಅವನು ಈ ಮ್ಯೂಸಿಯಂ ಬಗ್ಗೆ ಮಾತಾಡಿದ. ಅಲಂಕಾರ ನಿಸರ್ಗದಂತಿರಬೇಕು ಅಂತ ನಾನು ಹೇಳಿದ್ದು ನಿಜ, ಅದಕ್ಕೆ ಕೈಗೆ ಸಿಕ್ಕ ಮೊದಲ ಚುರುಕು ಐರಿಷನನ್ನು ತಂದು ಅವನಿಗಿಷ್ಟ ಬಂದದ್ದು ಮಾಡಿಕೋ ಅಂತ ಬಿಟ್ಟರೆ ದೊಡ್ಡ ಕಲೆ ಬಂದುಬಿಡುತ್ತದೆ ಅಂತ ನಾನು ಯಾವತ್ತೂ ಹೇಳಲಿಲ್ಲ. ಹೀಗಿತ್ತು ಅವನ ಮಾತಿನ ಧಾಟಿ. ಓ'ಶೇಗೆ ನಿಜವಾದ ಪ್ರತಿಭೆ ಇತ್ತು, ಒಳ್ಳೆಯ ಮನಸ್ಸಿತ್ತು, ಶಿಕ್ಷಣ ಇರಲಿಲ್ಲ, ತಾನು ಕಲಿಯಬೇಕಾದ್ದಿದೆ ಅಂತ ತಿಳಿಯಲಿಲ್ಲ ಅನ್ನುವುದು ಅವನ ದೂರು.

ದೂರಿನಲ್ಲಿ ಹುರುಳಿಲ್ಲ ಅನ್ನಲಾರೆ. ಗಿಡವನ್ನು ಇದ್ದಂತೆ ಕೆತ್ತುವುದು ಬೇರೆ, ಇಪ್ಪತ್ತು ಅಡಿ ಎತ್ತರದಲ್ಲಿ ಕೆಳಗಿನವರಿಗೆ ಕಾಣುವ ಹಾಗೆ ಗಿಡವನ್ನು ಕಟ್ಟುವುದು ಬೇರೆ. ಕೆಲವು ಬೋದಿಗೆಗಳಲ್ಲಿ ಎಲೆ ಎಷ್ಟು ಕಿಕ್ಕಿರಿದಿದೆಯೆಂದರೆ ಕೆಳಗೆ ನಿಂತವನಿಗೆ ಅದು ಬರೀ ತರಿತರಿಯಾದ ಕಲ್ಲು. ಆದರೆ ಕೆಲಸಗಾರನ ತಪ್ಪಿನಲ್ಲೇ ಜೀವ ಇದೆ ಅಂದವನು ಇದೇ ರಸ್ಕಿನ್. ಆರುನೂರು ವರ್ಷದ ಹಿಂದೆ ಸತ್ತ, ಹೆಸರಿಲ್ಲದ ಕಲ್ಲುಕುಟಿಗನ ಸ್ವಾತಂತ್ರ್ಯವನ್ನು ಕೊಂಡಾಡುವುದಕ್ಕೆ ಖರ್ಚಿಲ್ಲ. ಅವನು ಮನೆಗೆ ನುಗ್ಗಿ ನಾನೇನು ಮಾಡಲಿ ಅಂತ ಕೇಳುವುದಿಲ್ಲ. ಕೆಂಪು ಗಡ್ಡ ಬಿಟ್ಟುಕೊಂಡು, ವ್ಯಾಕರಣ ತಪ್ಪಿ ಮಾತಾಡುತ್ತಾ, ಕಮಿಟಿಯವರನ್ನೇ ಗೂಬೆ ಮಾಡಿ ಕೂರಿಸುವುದಿಲ್ಲ. ಸ್ವತಂತ್ರ ಕೆಲಸಗಾರ ಬೇಕು ಅಂತ ಬರೆದವನಿಗೆ ಅಂಥವನೊಬ್ಬ ನಿಜವಾಗಿ ಸಿಕ್ಕಿದ. ಸಿಕ್ಕಿದವನು ಸ್ವತಂತ್ರವಾಗಿಯೇ ನಡೆದುಕೊಂಡ.

ವುಡ್ವರ್ಡ್ ಇದನ್ನೆಲ್ಲ ಕೇಳಲು ಉಳಿದಿರಲಿಲ್ಲ. 1861ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ, ಕ್ಷಯದಿಂದ ತೀರಿಕೊಂಡ. ನಲವತ್ತನಾಲ್ಕು ವರ್ಷ. ಆ ಹೊತ್ತಿಗೆ ಅವನ ಆಫೀಸು ಡಬ್ಲಿನ್ನಿನಲ್ಲಿ ಕಿಲ್ಡೇರ್ ಸ್ಟ್ರೀಟ್ ಕ್ಲಬ್ಬಿನ ಕಟ್ಟಡ ಮುಗಿಸುತ್ತಿತ್ತು. ಅದರ ಕಿಟಕಿಯ ಕಂಬದ ಬುಡದಲ್ಲಿ ಮಂಗಗಳು ಬಿಲಿಯರ್ಡ್ಸ್ ಆಡುತ್ತಿವೆ. ಓ'ಶೇ ಕೈಯದು ಅಂತ ಕೆಲವರು, ಹ್ಯಾರಿಸನ್ ಎಂಬ ಇನ್ನೊಬ್ಬ ಕೆತ್ತನೆಗಾರನದು ಅಂತ ಕೆಲವರು. ಯಾರದೇ ಆಗಲಿ, ಕ್ಲಬ್ಬಿನ ಶ್ರೀಮಂತರು ಸೇರುತ್ತಿದ್ದ ಆ ಕಟ್ಟಡದ ಹೊರಗೋಡೆಯಲ್ಲಿ ಅದು ಉಳಿದುಕೊಂಡಿದೆ. ತಲೆಸಹಿತ.

ಓ'ಶೇ ಮತ್ತು ವೀಲನ್ ಆಮೇಲೆ ಮ್ಯಾಂಚೆಸ್ಟರ್ ಕಡೆ ಹೋದರು. ಅಲ್ಲಿ ಆಲ್ಫ್ರೆಡ್ ವಾಟರ್‌ಹೌಸ್ ಎಂಬ ಹರೆಯದ ಆರ್ಕಿಟೆಕ್ಟ್ ದೊಡ್ಡ ನ್ಯಾಯಾಲಯ ಕಟ್ಟುತ್ತಿದ್ದ, ಅಸೈಜ್ ಕೋರ್ಟ್. 1864ರಲ್ಲಿ ತೆರೆಯಿತು. ಅದರ ಬೋದಿಗೆಗಳಲ್ಲಿ ಇವರು ಕೆತ್ತಿದ್ದು ಹೂವಲ್ಲ, ಹಿಂದಿನ ಕಾಲದಲ್ಲಿ ಅಪರಾಧಿಗಳಿಗೆ ಕೊಡುತ್ತಿದ್ದ ಶಿಕ್ಷೆಗಳನ್ನು. ಒಂದೊಂದು ಬೋದಿಗೆಯೂ ಒಂದೊಂದು ಬಗೆಯ ಚಿತ್ರಹಿಂಸೆ. ಆಕ್ಸ್‌ಫರ್ಡ್‌ನ ಅನುಭವದ ಮೇಲೆ ಇದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಎರಡನೇ ಮಹಾಯುದ್ಧದ ಬಾಂಬು ಆ ಕಟ್ಟಡವನ್ನು ಸುಟ್ಟಿತು, 1957ರಲ್ಲಿ ಉಳಿದದ್ದನ್ನೂ ಕೆಡವಿದರು. ಕೆತ್ತಿದ ಕೆಲವು ಕಲ್ಲುಗಳನ್ನು ಮಾತ್ರ ಊರಿನ ಹೊಸ ನ್ಯಾಯಾಲಯದಲ್ಲಿ ಉಳಿಸಿಕೊಂಡಿದ್ದಾರೆ.

ವಾಟರ್‌ಹೌಸ್ ಮುಂದೆ ಬಹಳ ದೊಡ್ಡವನಾದ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, 1881ರಲ್ಲಿ ತೆರೆದದ್ದು, ಅವನದೇ. ಅಕ್ಕನ ಮಗನಿಗೆ ಆಕ್ಸ್‌ಫರ್ಡ್‌ನ ಡೈನೋಸಾರ್ ಸಾಕಾಗಿರಲಿಲ್ಲ, ಹಾಗಾಗಿ ಮುಂದಿನ ಶನಿವಾರ ಲಂಡನ್ನಿಗೂ ಹೋದೆವು. ಅಷ್ಟರಲ್ಲಿ ನಾನು ಇಷ್ಟೆಲ್ಲ ಓದಿದ್ದೆ. ಅಲ್ಲಿ ಗೋಡೆಯೆಲ್ಲ ಟೆರಾಕೋಟಾ, ಬೂದುನೀಲಿ ಮತ್ತು ಹಳದಿ. ಪೂರ್ವದ ಕಡೆ ಅಳಿದುಹೋದ ಪ್ರಾಣಿಗಳು, ಪಶ್ಚಿಮದ ಕಡೆ ಈಗ ಬದುಕಿರುವವು. ಒಂದೊಂದನ್ನೂ ವಾಟರ್‌ಹೌಸ್ ತಾನೇ ಪೆನ್ಸಿಲಿನಲ್ಲಿ ಬರೆದ. ಆ ಚಿತ್ರ ನೋಡಿ ಫಾರ್ಮರ್ ಅಂಡ್ ಬ್ರಿಂಡ್ಲಿ ಎಂಬ ಲಂಡನ್ನಿನ ದೊಡ್ಡ ಕೆತ್ತನೆ ಕಂಪನಿಯಲ್ಲಿ ದುಜಾರ್ದಾಂ ಎಂಬ ಫ್ರೆಂಚ್ ಕುಶಲಿ ಜೇಡಿಮಣ್ಣಿನಲ್ಲಿ ಮಾದರಿ ಮಾಡಿದ. ಮಾದರಿಯಿಂದ ಅಚ್ಚು, ಅಚ್ಚಿನಿಂದ ಟ್ಯಾಮ್‌ವರ್ತ್‌ನ ಕಾರ್ಖಾನೆಯಲ್ಲಿ ಸುಟ್ಟು ತೆಗೆದ ತುಂಡುಗಳು. ಗೋಡೆಗೆ ಬಂದು ಕೂತ ಮೇಲೆ ಯಾರೂ ಏಣಿ ಹತ್ತಬೇಕಾದ್ದಿಲ್ಲ, ಯಾರನ್ನೂ ಇಳಿ ಕೆಳಗೆ ಅನ್ನಬೇಕಾದ್ದೂ ಇಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ, ಎಲ್ಲವೂ ಅಪ್ರೂವ್ಡ್ ಡ್ರಾಯಿಂಗ್ ಪ್ರಕಾರ. ಅದರಲ್ಲಿ ಕೊರತೆ ಹುಡುಕುವುದು ಕಷ್ಟ, ಅಷ್ಟು ಚೆನ್ನಾಗಿದೆ.

ನಡುವಿನ ದೊಡ್ಡ ಹಾಲಿನಲ್ಲಿ ಕಮಾನುಗಳನ್ನು ಹಿಡಿದುಕೊಂಡು ಮಂಗಗಳು ಮೇಲೆ ಹತ್ತುತ್ತಿವೆ. ಹುಡುಗನಿಗೆ ತೋರಿಸಿದೆ. ಎಣಿಸುತ್ತೀನಿ ಅಂತ ಕತ್ತು ಹಿಂದಕ್ಕೆ ಬಾಗಿಸಿ, ಬೆರಳು ಮುಂದೆ ಚಾಚಿ ಶುರು ಮಾಡಿದ. ಹದಿನೇಳಕ್ಕೆ ನಿಲ್ಲಿಸಿದ.

"ಎಲ್ಲಾ ಒಂದೇ ಥರ ಇದೆ ಮಾಮ. ಯಾವುದನ್ನ ಎಣಿಸಿದೆ, ಯಾವುದನ್ನ ಬಿಟ್ಟೆ ಅಂತಾನೇ ಗೊತ್ತಾಗ್ತಿಲ್ಲ."

ಮತ್ತೆ ಮೊದಲಿನಿಂದ ಶುರು ಮಾಡೋಣ್ವಾ ಅಂದೆ. ಬೇಡ ಅಂದ. ಡೈನೋಸಾರ್ ನೋಡುವ ಕ್ಯೂ ಆಗಲೇ ಮೆಟ್ಟಿಲವರೆಗೂ ಬೆಳೆದಿತ್ತು.